ಎಲುಬಿಲ್ಲದ ಗಿಟಾರು

ಸರೋಜ: ಮೂರೂ ಕೂಗೋ ಗಿಟಾರೇ ಅಂದ್ಮೇಲೆ ಬೆಲೆ ಯಾಕೆ ಮೂರು ಥರ?

ಬಿಜು: ಕೂಗು ಒಂದೇ ಥರ ಇರಲ್ಲ ಚೇಚಿ. ನೀಲಿದು ಹನ್ನೊಂದು ಸಾವಿರ, ಕಲಿಯೋ ಹುಡುಗರಿಗೆ. ಕೆಂಪು ಹದಿನೆಂಟು, ನಾದ ಸ್ವಲ್ಪ ದಪ್ಪ. ಈ ಸನ್‌ಬರ್ಸ್ಟ್ ಬಣ್ಣದ್ದು ಮೂವತ್ತೆರಡು.

ಸರೋಜ: ನೀಲಿದಕ್ಕೆ ಪಾಲಿಶ್ ಹಾಕೋಕೆ ಮರೆತಿದ್ದಾರಾ?

ಬಿಜು: ಅದು ಮ್ಯಾಟ್ ಫಿನಿಶ್. ಬೇಕಂತಲೇ ಹೊಳಪು ಕೊಡದೆ ಬಿಟ್ಟಿರೋದು.

ಸರೋಜ: ಮಾಡದೆ ಬಿಟ್ಟ ಕೆಲಸಕ್ಕೂ ಒಂದು ಹೆಸರು.

ಕೇಣಿಚಿರ ಜಂಕ್ಷನ್ನಿನಲ್ಲಿ ಮಲಯಾಳಿ ಬಿಜುವಿನ ಆ ಅಂಗಡಿಗೆ ಸರೋಜ ಬಂದಿದ್ದು ಗಂಡ ಜಿನಚಂದ್ರನಿಗಾಗಿ. ಮರಕ್ಕಡವಿನಲ್ಲಿ ಕಾಫಿ, ಮೆಣಸು ಬೆಳೆಯುವ ಅವನಿಗೆ ಐವತ್ತೆಂಟು ದಾಟಿದ ಮೇಲೆ ಗಿಟಾರಿನ ಹುಚ್ಚು ಹಿಡಿದಿತ್ತು. ಪುಲ್ಪಳ್ಳಿಯ ಇಗರ್ಜಿಯಲ್ಲಿ ನುಡಿಸುವ ಸಜೀವನ ಹಳೆಯ ಗಿಟಾರಿನಲ್ಲಿ ಮೂರು ಹಾಡು ಕಲಿತಿದ್ದ. ಗಿಟಾರು ಸಿಗದ ದಿನ ಕೊಡೆಯನ್ನೇ ಎದೆಗೆ ಆನಿಸಿಕೊಂಡು ಬೆರಳಾಡಿಸುತ್ತಿದ್ದ. ಅದನ್ನು ನೋಡಿದ ಸರೋಜ, ಸ್ವಂತದ್ದೊಂದು ತಗೊಳ್ಳಿ, ಕೊಡೆ ಮುರಿಯುತ್ತೆ ಎಂದು ತಾನೇ ಹೊರಡಿಸಿಕೊಂಡು ಬಂದಿದ್ದಳು.

ಈಗ ಅವನ ಕಣ್ಣು ಮೂರನೆಯದರ ಮೇಲೆ. ನಡುವೆ ಮಾಗಿದ ನೇಂದ್ರ ಬಾಳೆಯ ಬಣ್ಣ, ಅಂಚಿಗೆ ಬರುತ್ತ ಹುರಿದ ಕಾಫಿಯ ಬಣ್ಣ. ಮುಟ್ಟಿದರೆ ಆಸೆ ಬಯಲಾಗುತ್ತದೆಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

ಸರೋಜ: (ಹಲಸಿನ ಕಾಯಿಗೆ ತಟ್ಟುವಂತೆ ತಟ್ಟಿ) ಒಳಗೆ ಟೊಳ್ಳೇ ಇಲ್ಲ. ಶಬ್ದ ಎಲ್ಲಿಂದ ಬರುತ್ತೆ?

ಬಿಜು: ಕರೆಂಟಿಂದ. ತಂತಿ ಕೆಳಗೆ ಈ ಪಿಕಪ್ ಇದೆಯಲ್ಲ, ತಂತಿಯ ನಡುಕ ಹಿಡಿದು ಸ್ಪೀಕರಿಗೆ ಕೊಡುತ್ತೆ.

ಸರೋಜ: ಕರೆಂಟು ಹೋದರೆ?

ಜಿನಚಂದ್ರ: ನುಡಿಸೋನಿಗೆ ಮಾತ್ರ ಕೇಳುತ್ತೆ.

ಸರೋಜ: ಅದು ಒಳ್ಳೆಯ ಗುಣ. ನಿಮಗೆ ಯಾವುದು ಇಷ್ಟ ಆಯ್ತು?

ಜಿನಚಂದ್ರ: ಯಾವುದಾದರೂ ಸರಿ.

ಸರೋಜ: ಒಂದರಿಂದ ಕಣ್ಣು ಕೀಳದೆ ಯಾವುದಾದರೂ ಸರಿ ಅಂತೀರಲ್ಲ. ಬಿಜು, ಇದರಲ್ಲಿ ಏನು ಹೆಚ್ಚು?

ಮೈಸೂರಿನ ಅಂಗಡಿಯೊಂದರಲ್ಲಿ ದುಡಿದು ಕನ್ನಡ ಕಲಿತಿದ್ದ ಬಿಜು ಆ ಪ್ರಶ್ನೆಗೇ ಕಾದಿದ್ದವನಂತೆ ಗಿಟಾರನ್ನು ಮೇಜಿನ ಮೇಲೆ ಮಲಗಿಸಿದ.

ಬಿಜು: ಕತ್ತಿನ ತುದಿ ನೋಡಿ. ತಂತಿ ಕೂರೋ ಈ ಬಿಳಿ ಪಟ್ಟಿ ಬೇರೆ ಎರಡರಲ್ಲೂ ಪ್ಲಾಸ್ಟಿಕ್. ಇದರಲ್ಲಿ ಒರಿಜಿನಲ್ ಎಲುಬು.

ಸರೋಜ ಕೈ ಹಿಂದಕ್ಕೆ ಎಳೆದುಕೊಂಡಳು. ಬಿಜು ಅದನ್ನು ಬೆರಗು ಎಂದುಕೊಂಡ.

ಸರೋಜ: ಯಾರ ಎಲುಬು?

ಬಿಜು: ಯಾರದೂ ಅಲ್ಲ ಚೇಚಿ, ದನದ್ದು. ನಾದ ಎಷ್ಟು ಹೊತ್ತು ನಿಲ್ಲುತ್ತೆ ಗೊತ್ತಾ?

ಜಿನಚಂದ್ರ: ಎಲುಬಿನ ಥರ ಕಾಣೋ ಪ್ಲಾಸ್ಟಿಕ್ ಅಂತಿದ್ದಾನೆ.

ಬಿಜು: ಅಲ್ಲ ಚೇಟ್ಟ. ಖಾತ್ರಿ ಎಲುಬು.

ಜಿನಚಂದ್ರ: ಈಗಿನ ಕಾಲದಲ್ಲಿ ಒರಿಜಿನಲ್ ಎಲ್ಲಿ ಸಿಗುತ್ತೆ ಬಿಜು? ಎಲ್ಲ ಡೂಪ್ಲಿಕೇಟು.

ಬಿಜು: ನನ್ನ ಅಂಗಡೀಲಿ ಡೂಪ್ಲಿಕೇಟಾ? ಕತ್ತಿನ ಮೇಲೆ ಮಿನುಗೋ ಈ ಚುಕ್ಕಿ ಕಡಲ ಚಿಪ್ಪು. ಹೆಗಲಿಗೆ ಹಾಕೋ ಪಟ್ಟಿ ಅಪ್ಪಟ ಚರ್ಮ. ಇವಕ್ಕೇ ಎಂಟು ಸಾವಿರ ಹೆಚ್ಚು.

ಸೊಂಟಕ್ಕೂ ಬಟ್ಟೆಯ ಬೆಲ್ಟನ್ನೇ ಕಟ್ಟುವ ಜೈನರ ಮನೆ ಅವರದು. ಎಲುಬು, ಚಿಪ್ಪು, ಚರ್ಮ ಎಂದು ಬಿಜು ಹೊಗಳಿದಷ್ಟೂ ಗಿಟಾರು ದೂರ ಸರಿಯುತ್ತಿತ್ತು. ಜಿನಚಂದ್ರ ಬಿಜುವಿನತ್ತ ಕಣ್ಣು ಮಿಟುಕಿಸಿದ. ಚೌಕಾಸಿಗೆಂದೇ ಮಾಲನ್ನು ಹಳಿಯುತ್ತಿದ್ದಾನೆಂದು ಬಗೆದ ಬಿಜುವಿಗೆ ಇನ್ನಷ್ಟು ರೋಷ ಬಂತು.

ಬಿಜು: ಕಣ್ಣು ಹೊಡೆದರೂ ಎಲುಬು ಎಲುಬೇ ಚೇಟ್ಟ.

ಸರೋಜ: ರೀ, ಇದು ಬೇಡ. ಬಸದಿಗೆ ಹೋಗಿಬರೋ ಮನೆ ನಮ್ಮದು. ನೀಲಿದು ತಗೊಳ್ಳಿ.

ಜಿನಚಂದ್ರ: ಸರಿ.

ಆ 'ಸರಿ' ಎಷ್ಟು ಸಣ್ಣದಾಗಿತ್ತೆಂದರೆ ಸರೋಜಳೇ ಮತ್ತೆ ಬಿಜುವಿನತ್ತ ತಿರುಗಿದಳು.

ಸರೋಜ: ಬಿಜು ಮೋನೆ, ನಿಜ ಹೇಳಪ್ಪ. ಪ್ಲಾಸ್ಟಿಕ್ ತಾನೇ?

ಬಿಜು: ಈಗ ನೀವೂನಾ ಚೇಚಿ? ತಡೀರಿ. ಸೂಜಿ ಕಾಯಿಸಿ ಇಡ್ತೀನಿ. ಪ್ಲಾಸ್ಟಿಕ್ ಆದರೆ ಕರಗುತ್ತೆ, ಎಲುಬಿಗೆ ಏನೂ ಆಗಲ್ಲ. ಆಮೇಲೆ ನೀವೇ ನನಗೆ ಸಾರಿ ಹೇಳಬೇಕು.

ಲೈಟರಿನ ಉರಿಗೆ ಸೂಜಿ ಕೆಂಪಾಯಿತು. ಮೂವರೂ ಬಗ್ಗಿದರು. ಬೆಣ್ಣೆಗೆ ಇಳಿದಂತೆ ಸೂಜಿ ಬಿಳಿ ಪಟ್ಟಿಗೆ ಇಳಿಯಿತು. ಬಿಜು ಗಾಬರಿಯಾಗಿ ಚುಕ್ಕಿಯ ಮೇಲಿಟ್ಟ. ಅಲ್ಲಿಯೂ ಇಳಿಯಿತು. ಬಕೆಟ್ಟು ಸುಟ್ಟ ವಾಸನೆ ಅಂಗಡಿಯನ್ನೆಲ್ಲ ತುಂಬಿತು.

ಜಿನಚಂದ್ರ: (ಬಿಜುವನ್ನು ಅಪ್ಪಿಕೊಂಡು) ಪ್ಲಾಸ್ಟಿಕ್ ಕಣೋ. ಅಪ್ಪಟ ಪ್ಲಾಸ್ಟಿಕ್.

ಬಿಜು: ದೈವಮೇ, ಆ ಏಜೆಂಟು ನನಗೆ ಮೋಸ ಮಾಡಿಬಿಟ್ಟ.

ಜಿನಚಂದ್ರ: ಒಳ್ಳೆಯ ಮನುಷ್ಯ. ಅವನ ಮನೆ ತಣ್ಣಗಿರಲಿ.

ಸರೋಜ: ಆ ಚರ್ಮದ ಪಟ್ಟಿ?

ಬಿಜು: ಅದನ್ನು ಸುಡೋದು ಬೇಡ ಚೇಚಿ. ಅದೂ ರೆಕ್ಸಿನ್ ಅಂತಾದರೆ ನಾನು ತಡ್ಕೊಳ್ಳಲ್ಲ. ಬಟ್ಟೆಯದು ಕೊಡ್ತೀನಿ.

ಸರೋಜ: ಹಾಗಾದರೆ ಎಂಟು ಸಾವಿರ ಕಳಿ.

ಬಿಜು: ಕಳಿಯೋದಾ?

ಸರೋಜ: ಇಲ್ಲದ ಎಲುಬಿಗೆ, ಇಲ್ಲದ ಚಿಪ್ಪಿಗೆ ಯಾರು ದುಡ್ಡು ಕೊಡ್ತಾರೆ? ಮೇಲೆ ತೂತು ಬೇರೆ ಮಾಡಿದೀಯ.

ಜಿನಚಂದ್ರ: ತೂತು ಇರಲಿ ಬಿಡು. ಯಾರಾದರೂ ಕೇಳಿದರೆ ತೋರಿಸಬಹುದು.

ಬಿಜು ತಲೆ ಕೆರೆದುಕೊಂಡು ಒಪ್ಪಿದ. ಜಿನಚಂದ್ರ ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದು, ತೊಟ್ಟಿಲಿನ ಕೂಸನ್ನು ಎತ್ತುವಂತೆ ಗಿಟಾರನ್ನು ಎತ್ತಿಕೊಂಡ.

ಸರೋಜ: ಉಳಿದ ಎಂಟು ಸಾವಿರಕ್ಕೆ ಸ್ಪೀಕರ್ ಕೊಡು. ಇರೋದರಲ್ಲೇ ದೊಡ್ಡದು.

ಜಿನಚಂದ್ರ ಗಿಟಾರಿನಿಂದ ಕಣ್ಣೆತ್ತಿ ಹೆಂಡತಿಯನ್ನು ನೋಡಿದ.

ಜಿನಚಂದ್ರ: ನಾನು ನುಡಿಸೋದು ನಿನಗೆ ಅಷ್ಟು ಇಷ್ಟಾನಾ ಸರೋಜ?

ಸರೋಜ: ಹೊಳೆ ದಾಟಿ ತೋಟಕ್ಕೆ ಆನೆ ಬರ್ತಾವಲ್ಲ. ಸಂಜೆ ಆ ಕಡೆ ಮುಖ ಮಾಡಿ ನುಡಿಸಿ, ಸಾಕು.

ಜಿನಚಂದ್ರ: ಅಷ್ಟು ಕೆಟ್ಟದಾಗಿದ್ದರೆ ಅದೂ ಪ್ರಾಣಿಹಿಂಸೆ ಅಲ್ವಾ?

ಸರೋಜ: ಆನೆಗಾದರೆ ಓಡಿಹೋಗೋಕೆ ಕಾಡಿದೆ ರೀ. ನಾನು ಎಲ್ಲಿಗೆ ಓಡಲಿ?