ವಾಲ್ವಿಗೊಂದು ಅಂಗಿ

ನಮ್ಮ ಬಸವಕಲ್ಯಾಣದ ಜನರಿಗೆ ಎರಡು ಕಿವಿಗಳಿರುವುದು ಒಂದರಿಂದ ಮಾತು ಕೇಳಲಿಕ್ಕೆ, ಇನ್ನೊಂದರಿಂದ ನೀರು ಬೀಳುವ ಸಪ್ಪಳ ಕೇಳಲಿಕ್ಕೆ ಎಂದು ನನಗೆ ಬಹಳ ದಿನಗಳಿಂದ ಅನುಮಾನ. ನಮ್ಮ ಗಲ್ಲಿಯ ನಳಕ್ಕೆ ನೀರು ತನಗೆ ಮನಸ್ಸಾದಾಗ ಬರುತ್ತದೆ, ಮನಸ್ಸಾದಾಗ ಹೋಗುತ್ತದೆ. ಹೀಗಾಗಿ ಎಲ್ಲಿಯೋ ನೀರು ಸುಮ್ಮನೆ ಬೀಳುತ್ತಿದೆ ಎಂದು ಗೊತ್ತಾದರೆ ಸಾಕು, ಊಟಕ್ಕೆ ಕೂತವರೂ ಜಗಳಕ್ಕೆ ನಿಂತವರೂ ಎದ್ದು ಹೋಗಿ ನಳ ತಿರುವಿ ಬಂದು ಊಟವನ್ನೋ ಜಗಳವನ್ನೋ ಮುಂದುವರಿಸುತ್ತಾರೆ. ಅದು ಯಾರ ಮನೆಯ ನಳ ಎಂದು ನೋಡುವುದಿಲ್ಲ. ಇಂಥ ಊರಿನಲ್ಲಿ ಹಗಲೂ ರಾತ್ರಿ ನೀರು ಬೀಳುವ ಮನೆ ನನ್ನದು. ನನ್ನ ಪಾಡು ಏನಿರಬಹುದು, ನೀವೇ ಯೋಚಿಸಿ.

ನೀರು ಬೀಳುವುದು ನನ್ನ ಹೆಂಡತಿ ಜಗದೇವಿಯ ಮೀನಿನ ತೊಟ್ಟಿಯಲ್ಲಿ. ಪಡಸಾಲೆಯ ಗೋಡೆಗೆ ಹಚ್ಚಿ ಒಂದು ಕಪಾಟು, ಅದರ ಮೇಲೆ ಗಾಜಿನ ತೊಟ್ಟಿ, ಅದರೊಳಗೆ ಕೆಂಪು ಮೀನುಗಳು. ಕಪಾಟಿನ ಒಳಗೆ ಇನ್ನೊಂದು ಗಾಜಿನ ಪೆಟ್ಟಿಗೆ. ಇದಕ್ಕೆ ಸಂಪು ಎನ್ನುತ್ತಾರೆ. ಅಂಗಳದ ಸಂಪಿನ ಹಾಗೆಯೇ, ಆದರೆ ಇದರಲ್ಲಿ ಸ್ಪಂಜು, ಸಣ್ಣ ಕಲ್ಲು, ಒಂದು ಪುಟ್ಟ ಮೋಟಾರು ಇರುತ್ತವೆ. ಮೇಲಿನ ಹೊಲಸು ನೀರು ಪೈಪಿನಲ್ಲಿ ಇಳಿದು ಸಂಪಿಗೆ ಬರುತ್ತದೆ, ಅಲ್ಲಿ ಸೋಸಿಕೊಂಡು ಮೋಟಾರಿನಿಂದ ಮತ್ತೆ ಮೇಲೆ ಹೋಗುತ್ತದೆ. ಇಳಿಯುವ ಪೈಪಿನ ನಡುವೆ ಒಂದು ವಾಲ್ವ್ ಇದೆ. ಜಾಸ್ತಿ ತೆರೆದರೆ ಪೈಪು ಹುಕ್ಕಾ ಸೇದಿದ ಹಾಗೆ ಗುಡುಗುಡು ಎನ್ನುತ್ತದೆ, ಜಾಸ್ತಿ ಮುಚ್ಚಿದರೆ ಮೇಲಿನ ನೀರು ಏರುತ್ತದೆ. ನಡುವೆ ಎಲ್ಲೋ ಒಂದು ಜಾಗದಲ್ಲಿ ತೆಳ್ಳಗಿನ ಸಪ್ಪಳ ಮಾತ್ರ ಕೇಳುತ್ತದೆ. ಆ ಜಾಗ ಜಗದೇವಿಗೆ ಗೊತ್ತಿತ್ತು.

ಅವಳ ತವರು ಹುಮನಾಬಾದ. ತಮ್ಮ ಶಿವರಾಜನದು ಅಲ್ಲಿ ಪೈಪಿನ ಅಂಗಡಿ. ಬೇರೆ ಹೆಂಗಸರು ತವರಿನಿಂದ ಶೇಂಗಾ ಹೋಳಿಗೆ ತಂದರೆ ಇವಳು ಪೈಪನ್ನು ಮೂಲೆಯಲ್ಲಿ ತಿರುಗಿಸುವ ಎಲ್ಬೋ, ಪೈಪಿಗೆ ಪೈಪು ಕೂಡಿಸುವ ಕಪ್ಲಿಂಗ್ ತರುತ್ತಿದ್ದಳು. ನನ್ನದೊಂದು ಹಳೆಯ ಅಂಗಿ ಹಾಕಿಕೊಂಡು, ನೆಲಕ್ಕೆ ಕೂತು, ಗರಗಸದ ಬ್ಲೇಡಿನಿಂದ ಪೈಪು ಕೊಯ್ಯುತ್ತಿದ್ದಳು. ನಾನು ದರ್ಜಿ, ಹೇಳಿದ ದಿನಕ್ಕೆ ಎಂದೂ ಅಂಗಿ ಕೊಡದವನು. ಅವಳು ಪೈಪು ಕೊಯ್ಯುವಾಗ ನಾನು ಬಟ್ಟೆ ಕತ್ತರಿಸುತ್ತಿದ್ದೆ. ಇಬ್ಬರೂ ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಬಾಯಿ ಹಾಕದೆ ಚೆನ್ನಾಗಿಯೇ ಇದ್ದೆವು. ಈ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಜ್ವರವೆಂದುಕೊಂಡದ್ದು ಜ್ವರವಷ್ಟೇ ಆಗಿರಲಿಲ್ಲ. ಅವಳು ಹೋದಳು. ತೊಟ್ಟಿ ಉಳಿಯಿತು.

ಮಾತಾಡಿಸಿಕೊಂಡು ಹೋಗಲು ಜನ ಬರತೊಡಗಿದರು. ಪಡಸಾಲೆಯಲ್ಲಿ ಜಮಖಾನ ಹಾಸಿದ್ದೆವು. ಬಂದವರು ಅಳುತ್ತಾರೆ, ಆಮೇಲೆ ಸುಮ್ಮನೆ ಕೂರುತ್ತಾರೆ. ಸುಮ್ಮನೆ ಕೂತಾಗಲೇ ತೊಂದರೆ, ನೀರಿನ ಸಪ್ಪಳ ಕೇಳಿಸುತ್ತದೆ. ಮನ್ನಾಏಖೇಳ್ಳಿಯಿಂದ ನನ್ನ ಸೋದರತ್ತೆ ಗುಂಡಮ್ಮ ಬಂದಿದ್ದಳು. ಅಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. "ನನ್ನವ್ವಾ ಜಗದೇವೀ, ಇಷ್ಟ ಲಗೂ ಹ್ಯಾಂಗ ಹೋದಿಯೇ, ನಿನ ಗಂಡಗ ಯಾರ ರೊಟ್ಟಿ ಬಡದ ಹಾಕಬೇಕೇ" ಎಂದು ರಾಗ ಎಳೆಯುತ್ತಿದ್ದವಳು ರಾಗದ ನಡುವೆಯೇ ನಿಂತಳು. ಮುಖ ಎತ್ತಿ ಕಿವಿ ಕೊಟ್ಟಳು.

"ಲೇ ಕಾಶ್ಯಾ, ನಳ ಯಾವದರ ಬಿಟ್ಟೀರೇನು?"

"ಇಲ್ಲತ್ತಿ, ಅದು ಮೀನಿಂದು."

"ಮೀನಿಗ್ಯಾಕ ನಳ? ಊರಾಗ ಮಂದಿಗೇ ನೀರಿಲ್ಲ!" ಎಂದು ಎದ್ದು ಕಪಾಟು ತೆರೆದು ವಾಲ್ವನ್ನು ಪೂರ್ತಿ ಬಂದ್ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ನಿಲ್ಲಿಸಿದ ಜಾಗದಿಂದಲೇ ರಾಗ ಶುರು ಮಾಡಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಬೇರೆ ಯಾರೋ ಬಂದರು. ಅವರನ್ನು ಕರೆದು ಕೂರಿಸುವುದರಲ್ಲಿ ನಾನು ವಾಲ್ವನ್ನು ಮರೆತೆ. ಮೋಟಾರು ಮರೆಯಲಿಲ್ಲ. ಅದು ಸಂಪಿನ ನೀರನ್ನೆಲ್ಲ ಮೇಲಕ್ಕೆ ದಬ್ಬಿತು. ಇಳಿಯುವ ದಾರಿ ಕಾಣದ ನೀರು ತೊಟ್ಟಿಯ ಅಂಚು ದಾಟಿ ಮೆತ್ತಗೆ ಜಮಖಾನಕ್ಕೆ ಬಂತು. ಮೊದಲು ಎದ್ದವರು ಗೋಡೆಗೆ ಒರಗಿ ಕೂತಿದ್ದ ಹಿರಿಯರು. ಅವರು ಎದ್ದ ರೀತಿ ನೋಡಿ ಮಿಕ್ಕವರೂ ಎದ್ದರು. ಗುಂಡಮ್ಮತ್ತೆ ಒದ್ದೆ ಸೀರೆಯನ್ನು ಹಿಂಡುತ್ತ, "ನೋಡ್ರೆವ್ವಾ, ನನ್ನ ಮ್ಯಾಲ ಸಿಟ್ಟಾಗ್ಯಾಳ ನೋಡ್ರಿ ಜಗದೇವಿ!" ಎಂದಳು. ಯಾರೋ ಹೆಂಗಸು ಕಿಸಕ್ಕೆಂದು ನಕ್ಕಳು. ದುಃಖದ ಮನೆಯಲ್ಲಿ ನಗಬಾರದೆಂದು ಎಲ್ಲರೂ ತಡೆದುಕೊಂಡರು. ತಡೆದುಕೊಂಡಷ್ಟೂ ಭುಜಗಳು ಕುಣಿದವು. ಜಗದೇವಿ ಇದ್ದಿದ್ದರೆ ಮೊದಲು ನಗುತ್ತಿದ್ದವಳು ಅವಳೇ.

ನಾನು ಓಡಿ ಹೋಗಿ ವಾಲ್ವ್ ತಿರುವಿದೆ. ಗಾಬರಿಯಲ್ಲಿ ಎಷ್ಟು ಜೋರಾಗಿ ತಿರುವಿದೆನೆಂದರೆ ವಾಲ್ವೂ ಅದರ ಕೆಳಗಿನ ಎಲ್ಬೋವೂ ಕಟ್ಟೆಂದು ಮುರಿದು ಕೈಗೆ ಬಂದವು.

ಮರುದಿನ ಶಿವರಾಜ ಬಂದು ಕಪಾಟಿನೊಳಗೆ ತಲೆ ಹಾಕಿ ನೋಡಿದ. "ಮಾಮಾ, ಇಳಿಯೋ ಲೈನ್ ಪೂರಾ ಹೊಸಾದು ಹಾಕಬೇಕ್ರಿ. ನೀರು ತಿರುಗಲಿಲ್ಲಂದ್ರ ಮೀನ ಬಾಳ ದಿನ ಉಳ್ಯಂಗಿಲ್ಲ. ನಾ ಇದನ್ನ ಹುಮನಾಬಾದಕ್ಕ, ಮಾಣಿಕನಗರದಾಗಿನ ನಮ್ಮನಿಗೆ ಒಯ್ತೇನ್ರಿ. ನಿಮಗ ಆಗೂ ಕೆಲಸಲ್ಲಿದು" ಎಂದ. ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೆ ಆ ಗೋಡೆಯ ಹತ್ತಿರ ಏನೂ ಇಲ್ಲದ ಪಡಸಾಲೆಯನ್ನು ನೆನೆಸಿಕೊಂಡೆ. "ನಾನೇ ಹಾಕ್ತೇನಪ್ಪಾ" ಎಂದೆ. ಅವನು ನನ್ನ ಕೈಗಳನ್ನೇ ನೋಡಿದ. ಸೂಜಿಗೆ ದಾರ ಪೋಣಿಸುವ ಕೈಗಳು. "ಆಗಲ್ರಿ. ಸೋಮವಾರ ಗಾಡಿ ತಗೊಂಡ ಬರ್ತೇನಿ. ನೀರು ಸುದ್ದಾಗಿ ತಿರಗಾಕತ್ತಿದ್ರ ಇಲ್ಲೇ ಇರ್ಲಿ. ಇಲ್ಲಂದ್ರ ನಾ ಒಯ್ಯಾಂವಾ" ಎಂದು ಹೇಳಿ, ಮೀನುಗಳಿಗೆ ಗುಳ್ಳೆ ಬಿಡುವ ಒಂದು ಸಣ್ಣ ಯಂತ್ರ ಹಚ್ಚಿಕೊಟ್ಟು, ಪೈಪು, ವಾಲ್ವು, ಹತ್ತಾರು ಎಲ್ಬೋಗಳ ಚೀಲ ಇಟ್ಟು ಹೋದ.

ದರ್ಜಿಗೆ ಒಂದು ಹುಟ್ಟುಗುಣ ಇರುತ್ತದೆ. ಅಳತೆಗಿಂತ ಸ್ವಲ್ಪ ಬಟ್ಟೆ ಹೆಚ್ಚು ಬಿಡುತ್ತಾನೆ. ಗಿರಾಕಿ ಮುಂದೆ ದಪ್ಪಗಾಗಬಹುದು, ಹುಡುಗ ಎತ್ತರವಾಗಬಹುದು. ನಾನು ಪೈಪಿಗೂ ಹಾಗೆಯೇ ಧಾರಾಳವಾಗಿ ಬಿಟ್ಟು ಕೊಯ್ದೆ. ಪೈಪು ದಪ್ಪಗಾಗುವುದೂ ಇಲ್ಲ, ಎತ್ತರವಾಗುವುದೂ ಇಲ್ಲ. ತೊಟ್ಟಿಗೂ ಸಂಪಿಗೂ ನಡುವೆ ಅದನ್ನು ತುರುಕಿದಾಗ ಬಸುರಿಯ ಹೊಟ್ಟೆಯ ಹಾಗೆ ಮುಂದೆ ಬಂದು ಕಪಾಟಿನ ಬಾಗಿಲು ಮುಚ್ಚದಾಯಿತು. ಎರಡನೆಯದನ್ನು ಸಿಟ್ಟಿನಿಂದ ಗಿಡ್ಡ ಕೊಯ್ದೆ. ಮೂರನೆಯದು ಉದ್ದಕ್ಕೆ ಸರಿಯಾಗಿತ್ತು. ಸಂತೋಷದಿಂದ ಸಲ್ಯೂಷನ್, ಅಂದರೆ ಪೈಪಿನ ಅಂಟು, ಬಳಿದು ಎಲ್ಬೋ ಕೂರಿಸಿ ನೋಡಿದರೆ ಅದರ ಬಾಯಿ ಸಂಪಿನ ಕಡೆಗಿರದೆ ಗೋಡೆಯ ಕಡೆಗಿತ್ತು, ತೋಳನ್ನು ತಿರುವಿ ಹೊಲಿದ ಅಂಗಿಯ ಹಾಗೆ. ತೋಳಾದರೆ ಹೊಲಿಗೆ ಬಿಚ್ಚಿ ಮತ್ತೆ ಹಚ್ಚಬಹುದು. ಸಲ್ಯೂಷನ್ ಒಮ್ಮೆ ಹಿಡಿಯಿತೆಂದರೆ ಮುಗಿಯಿತು, ಬಿಚ್ಚುವ ಮಾತಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಮೀನುಗಳು ಗಾಜಿಗೆ ಬಾಯಿ ಹಚ್ಚಿ ನನ್ನನ್ನೇ ನೋಡುತ್ತಿದ್ದವು. ನೀರು ಆಗಲೇ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು.

ಅಂಗಡಿಯಲ್ಲಿ ಹೊಸ ಕೋಟು ಹೊಲಿಯುವಾಗ ನಾನು ಮೊದಲೇ ಮಶೀನಿಗೆ ಹಾಕುವುದಿಲ್ಲ. ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ, ಗಿರಾಕಿಗೆ ತೊಡಿಸಿ, ಸೀಮೆಸುಣ್ಣದಿಂದ ಗೆರೆ ಎಳೆದು, ಆಮೇಲೆ ಪಕ್ಕಾ ಹೊಲಿಗೆ. ಈ ಬುದ್ಧಿ ಪೈಪಿಗೆ ಯಾಕೆ ಬರಲಿಲ್ಲವೋ! ನಾಲ್ಕನೆಯ ಸಲ ಸಲ್ಯೂಷನ್ ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ. ಎಲ್ಲ ತುಂಡುಗಳನ್ನು ಅಂಟಿಸದೆಯೇ ಜೋಡಿಸಿದೆ. ತೊಟ್ಟಿಗೆ ಲೈನನ್ನು ತೊಡಿಸಿ, ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿದೆ. ಸೊಂಟದಲ್ಲಿ ಸ್ವಲ್ಪ ಬಿಗಿ. ಬಿಚ್ಚಿ, ತುಸು ಉಜ್ಜಿ, ಮತ್ತೆ ತೊಡಿಸಿದೆ. ಪ್ರತಿ ಜೋಡಣೆಯ ಮೇಲೆ ಎರಡೂ ತುಂಡಿಗೆ ತಾಗುವ ಹಾಗೆ ನೀಲಿ ಸೀಮೆಸುಣ್ಣದ ಗೆರೆ ಎಳೆದೆ. ಆಮೇಲೆ ಒಂದೊಂದನ್ನೇ ಬಿಚ್ಚಿ, ಸಲ್ಯೂಷನ್ ಬಳಿದು, ಗೆರೆಗೆ ಗೆರೆ ಕೂಡಿಸಿ ಒತ್ತಿ ಹಿಡಿದೆ.

ಭಾನುವಾರ ಬೆಳಿಗ್ಗೆ ಮೋಟಾರು ಹಚ್ಚಿದೆ. ಗುಡುಗುಡು ಎಂದಿತು. ವಾಲ್ವನ್ನು ಉಸಿರು ಹಿಡಿದು ಕೂದಲೆಳೆಯಷ್ಟು ತಿರುವಿದೆ, ಇನ್ನಷ್ಟು ತಿರುವಿದೆ. ನೀರು ಏರಿತು, ನಿಂತಿತು. ತೆಳ್ಳಗಿನ ಸಪ್ಪಳ ಬಂತು. ಅಲ್ಲಿಯೂ ಒಂದು ಗೆರೆ ಎಳೆದೆ. ಆದರೆ ಮಾತಾಡಿಸಲು ಬರುವವರು ಇನ್ನೂ ಇದ್ದರು, ಅವರಿಗೆಲ್ಲ ಕಿವಿಗಳಿದ್ದವು. ಹೀಗಾಗಿ ಮಶೀನಿನ ಮುಂದೆ ಕೂತು ವಾಲ್ವಿಗೆ ಒಂದು ಅಂಗಿ ಹೊಲಿದೆ. ಹಿಡಿಕೆ ಪೂರ್ತಿ ಮುಚ್ಚುವಂಥದ್ದು, ಅಸ್ತರು ಹಾಕಿ, ಹಿಂದೆ ಮೂರು ಗುಂಡಿ ಇಟ್ಟು. ಗುಂಡಿ ಬಿಚ್ಚದೆ ಯಾರೂ ಬಂದ್ ಮಾಡುವಂತಿಲ್ಲ.

ಸೋಮವಾರ ಶಿವರಾಜ ಡ್ರೈವರನ ಸಮೇತ ಒಂದು ಬಾಡಿಗೆ ಟೆಂಪೊ ತಂದ. ಹಗ್ಗ, ಹಳೆಯ ಗಾದಿ, ಹುಲ್ಲು, ಎಲ್ಲ ಸಿದ್ಧತೆ ಮಾಡಿಕೊಂಡೇ ಬಂದಿದ್ದ. ಒಳಗೆ ಬಂದವನು ಮೊದಲು ತೊಟ್ಟಿ ನೋಡಿದ. ನೀರು ತಿಳಿಯಾಗಿತ್ತು. ಕಪಾಟು ತೆರೆದು ಮೊಣಕಾಲೂರಿ ಕೂತ. ಪ್ರತಿ ಜೋಡಣೆಯ ಕೆಳಗೂ ಬೆರಳಾಡಿಸಿ ತೇವ ಇದೆಯೇ ಎಂದು ನೋಡಿದ. ಬೆರಳು ಒಣಗಿಯೇ ಇತ್ತು. ಆಮೇಲೆ ಬೆರಳು ವಾಲ್ವಿನ ಮೇಲೆ ನಿಂತಿತು.

"ಇದೇನ್ರಿ ಮಾಮಾ?"

"ಅಂಗಿ. ಯಾರೂ ಬಂದ್ ಮಾಡಬಾರದಂತ."

"ಗುಂಡಿನೂ ಹಚ್ಚೀರಲ್ರಿ!" ಎಂದು ದೊಡ್ಡದಾಗಿ ನಕ್ಕ. ನಗುತ್ತಲೇ ಬಟ್ಟೆಯನ್ನು ಎರಡು ಬೆರಳಿನಿಂದ ಹಿಡಿದು ನೋಡಿದ. "ಅಕ್ಕನ ಹಸರ ಬ್ಲೌಸಿನ ಅರಿವಿ ಅಲ್ಲೇನ್ರಿ ಇದು?"

"ಹೌದು, ಉಳಿದದ್ದಿತ್ತು" ಎಂದೆ. ಅವನು ಕಪಾಟಿನೊಳಗೆ ತಲೆ ಇಟ್ಟುಕೊಂಡೇ ಮೂರೂ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಹೊರಗೆ ಬಂದಾಗ ಮುಖ ಒದ್ದೆಯಾಗಿತ್ತು. ಪೈಪು ಎಲ್ಲಿಯಾದರೂ ಸೋರುತ್ತಿದೆಯೋ ಎಂದು ನಾನು ಬಗ್ಗಿ ನೋಡಿದೆ. ಇಲ್ಲ, ಎಲ್ಲವೂ ಒಣಗಿತ್ತು.

"ಇದು ಇಲ್ಲೇ ಇರ್ಲಿ ಬಿಡ್ರಿ" ಎಂದ. "ಆದ್ರ ನಮ್ಮನ್ಯಾಗೂ ಒಂದ್ ತೊಟ್ಟಿ ಇಡಬೇಕಂತ ಆಸೆ ಅದರಿ. ಲೈನ್ ನೀವೇ ಬಂದ ಹಾಕಬೇಕು."

"ಪೈಪಿನ ಅಂಗಡಿ ನಿಂದು ಅದಲ್ಲೋ?"

"ಮಾರೋದು ನಂದ್ರಿ. ಹಾಕೋದು ಅಕ್ಕಂದಿತ್ತು."

ತೊಟ್ಟಿ ಒಯ್ಯಲು ಬಂದ ಟೆಂಪೊದಲ್ಲಿ ಕಡೆಗೆ ನಾನು ಹತ್ತಿದೆ. ತೊಡೆಯ ಮೇಲೆ ಪಾಲಿಥಿನ್ ಚೀಲ, ಚೀಲದಲ್ಲಿ ಶಿವರಾಜನಿಗೆಂದು ಎರಡು ಮೀನು. ಹುಮನಾಬಾದ ಮುಟ್ಟುವವರೆಗೂ ಎಲ್ಬೋ ಯಾವ ಕಡೆ ಮುಖ ಮಾಡಿರಬೇಕು, ವಾಲ್ವು ಎಷ್ಟು ತೆರೆದಿರಬೇಕು ಎಂದು ಒಂದೇ ಸಮನೆ ಹೇಳುತ್ತ ಹೋದೆ. ಹೆಂಡತಿ ಹೋದಮೇಲೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಕಿವಿಗೊಟ್ಟು ಕೇಳುತ್ತಿದ್ದ ಟೆಂಪೊ ಡ್ರೈವರು ಮಾಣಿಕನಗರದ ಹತ್ತಿರ ಗಾಡಿ ನಿಧಾನ ಮಾಡಿ, "ಸಾಹೇಬ್ರ, ನಮ್ಮ ಬಚ್ಚಲ ಪೈಪ್ ಸೋರಾಕತ್ತಾದ. ಯಾವಾಗ ಬರ್ತೀರಿ?" ಎಂದ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, "ಬರೂ ಗುರುವಾರ, ಪಕ್ಕಾ" ಎಂದುಬಿಟ್ಟೆ. ಅವನು ಖುಷಿಯಾಗಿ ಹಾರ್ನು ಹೊಡೆದ. ದಿನ ಕೊಟ್ಟವನು ಒಬ್ಬ ದರ್ಜಿ ಎಂದು ಪಾಪ ಅವನಿಗೆ ಯಾರೂ ಹೇಳಿರಲಿಲ್ಲ.