ಏಳು ಮನೆಗೆ ಸಾವಿರದ ಒಂದು ಅಪ್ಪ

ಸಾವಿರದ ಒಂದು ಎಂಬ ಸಂಖ್ಯೆಯ ಕಥೆಯನ್ನು ನನಗೆ ಮೊದಲು ಹೇಳಿದವರು ನೆರೆಮನೆಯ ಪೊರ್ಬು ಮಾಸ್ಟ್ರು. ಕೊಂಕಣಿ ಮಾತಾಡುವ ಕ್ರೈಸ್ತರು, ಇಗರ್ಜಿಯ ಜನ. ಗಣಿತ ಕಲಿಸಿ ನಿವೃತ್ತರಾದವರು. ಅವರು ಅಂಗಳಕ್ಕೆ ಬಂದರೆ ಅಂಕೆಗಳೂ ಹಿಂದೆಯೇ ಬರುತ್ತವೆ, ಆಮೇಲೆ ನಗದೆ ಉಳಿಯಲು ಯಾರಿಂದಲೂ ಆಗುವುದಿಲ್ಲ.

ಒಂದು ಕಡಿಮೆ

ನಮ್ಮ ಕುಟುಂಬದ್ದು ಏಳು ಮನೆ. ವರ್ಷಕ್ಕೊಮ್ಮೆ ನಮ್ಮಲ್ಲಿ ಗಣಪತಿ ಹೋಮ. ದೇವರಿಗೆ ಸಾವಿರ ಬೆಲ್ಲದ ಅಪ್ಪ, ಬಳಿಕ ಏಳು ಮನೆಗೆ ಸಮಪಾಲು. ಕಳೆದ ವರ್ಷ ಆರು ಮನೆಗೆ ನೂರ ನಲವತ್ತಮೂರು ಬಂತು, ದೊಡ್ಡಮ್ಮನ ಮನೆಗೆ ನೂರ ನಲವತ್ತೆರಡು.

"ನನಗೆ ಅಪ್ಪ ಬೇಡ, ಮರ್ಯಾದೆ ಬೇಕು" ಎಂದು ಬುಟ್ಟಿ ಅಲ್ಲೇ ಇಟ್ಟು ಹೋದವರು ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ಈ ವರ್ಷ ನನ್ನ ಮಗಳ ಮದುವೆ. ದೊಡ್ಡಮ್ಮ ಇಲ್ಲದೆ ಧಾರೆ ಎರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮಾಸ್ಟ್ರಲ್ಲಿ ಹೇಳಿಕೊಂಡೆ. "ತಪ್ಪು ನಿಮ್ಮದಲ್ಲ, ಸಾವಿರದ್ದು," ಎಂದರು. "ಇನ್ನೊಂದು ಅಪ್ಪ ಹೊಯ್ಯಿರಿ. ಸಾವಿರದ ಒಂದು ಶೇಷ ಉಳಿಯದೆ ಏಳರಲ್ಲಿ ಹೋಗ್ತದೆ. ಹನ್ನೊಂದರಲ್ಲಿ, ಹದಿಮೂರರಲ್ಲಿಯೂ ಹೋಗ್ತದೆ."

ಇಷ್ಟು ವರ್ಷ ಗಣಪತಿಯಲ್ಲಿ ಬುದ್ಧಿ ಕೊಡು ಎಂದು ಬೇಡಿದ್ದೆ. ಕೊಟ್ಟ, ಆದರೆ ಇಗರ್ಜಿಯ ದಾರಿಯಾಗಿ ಕಳಿಸಿದ.

ಜೀಪಿನ ನಂಬರು

ಬದಿಯಡ್ಕಕ್ಕೆ ಜೀಪು ಓಡಿಸುವ ನನ್ನ ತಮ್ಮನಿಗೆ ನಂಬಿಕೆ ಬರಲಿಲ್ಲ. ಮಾಸ್ಟ್ರು ಪರೀಕ್ಷೆ ಕೊಟ್ಟರು. ಮೂರಂಕಿಯ ಯಾವ ಸಂಖ್ಯೆಯನ್ನಾದರೂ ಪಕ್ಕಪಕ್ಕ ಎರಡು ಸಲ ಬರೆದರೆ, ಅದನ್ನು ಸಾವಿರದ ಒಂದರಿಂದ ಗುಣಿಸಿದ ಹಾಗೆ. ಏಳು, ಹನ್ನೊಂದು, ಹದಿಮೂರರ ಗುಣಲಬ್ಧವೇ ಸಾವಿರದ ಒಂದು; ಆ ಮೂರರಿಂದ ಸಾಲಾಗಿ ಭಾಗಿಸಿದರೆ ಮೊದಲಿನ ಸಂಖ್ಯೆಯೇ ಕೈಗೆ ಬರುತ್ತದೆ.

ನಾನು 274274 ಬರೆದೆ. ಕೊನೆಗೆ 274 ಬಂತು. ತಮ್ಮ ತನ್ನ ಜೀಪಿನ ನಂಬರನ್ನು ಎರಡು ಸಲ ಬರೆದ. ಏಳರಲ್ಲೇ ಶೇಷ ಉಳಿಯಿತು.

"ಎಂತ ಮಾಸ್ಟ್ರೆ, ನಿಮ್ಮ ಗಣಿತ ಪಂಕ್ಚರಾ?"

"ನಾನು ಹೇಳಿದ್ದು ಮೂರಂಕಿ. ನೀನು ನಾಲ್ಕು ಹತ್ತಿಸಿದ್ದಿ. ಲೆಕ್ಕದಲ್ಲಾದರೂ ಓವರ್‌ಲೋಡ್ ಮಾಡಬೇಡ ಮಾರಾಯ!"

ಮಾಸ್ಟ್ರ ಪಾಲು

ಹೋಮದ ದಿನ "ಈ ಸಲ ನೀವೇ ಎಣಿಸಿ" ಎಂದು ಕೈಮುಗಿದು ದೊಡ್ಡಮ್ಮನನ್ನು ಕರೆತಂದೆ. ಅವರು ನಿಧಾನವಾಗಿ ಎಣಿಸಿದರು. ಏಳು ಮನೆಗೂ ನೂರ ನಲವತ್ತಮೂರು. ಮುಖ ಸಡಿಲಾಯಿತು.

"ಲೆಕ್ಕ ಹೇಳಿದ ಮಾಸ್ಟ್ರಿಗೆ ಎಂತದೂ ಇಲ್ಲವಾ?" ಎಂದು ದೊಡ್ಡಮ್ಮ ಸ್ವಂತ ಪಾಲಿನಿಂದಲೇ ಒಂದು ಅಪ್ಪವನ್ನು ಊಟಕ್ಕೆ ಕೂತಿದ್ದ ಮಾಸ್ಟ್ರ ಎಲೆಗೆ ಹಾಕಿದರು. ದೊಡ್ಡಮ್ಮ ಕೊಟ್ಟ ಮೇಲೆ ಉಳಿದವರು ಬಿಟ್ಟಾರೆಯೇ? ಆರು ಮನೆಯವರೂ ಒಂದೊಂದು ಹಾಕಿದರು.

"ಏಳಾಯಿತು," ಎಂದರು ದೊಡ್ಡಮ್ಮ. "ಮನೆಯಲ್ಲಿ ನಿಮ್ಮ ಬಾಯಮ್ಮ ಇದ್ದಾರೆ. ಏಳು ಗಂಡ ಹೆಂಡತಿ ಇಬ್ಬರಿಗೆ ಸಮ ಆಗ್ತದಾ?" ಮತ್ತೊಂದು ಹಾಕಿದರು.

ಕೂಡಲೇ ಆರು ಮಂದಿ ಕೈಯಲ್ಲಿ ಒಂದೊಂದು ಅಪ್ಪ ಹಿಡಿದು ಎದ್ದರು. ಮಾಸ್ಟ್ರು ಎಲೆ ಮಡಚಿ, ಮುಂಡು ಎತ್ತಿ ಕಟ್ಟಿ, ಅಂಗಳಕ್ಕೆ ಹಾರಿದರು. "ನಿಲ್ಲಿ ಮಾಸ್ಟ್ರೆ!"

"ನಿಂತರೆ ಈ ಭಾಗಾಕಾರ ಮುಗಿಯುವುದಿಲ್ಲ!"

ದೊಡ್ಡಮ್ಮ ನಕ್ಕು ನಕ್ಕು ಜಗಲಿಯಲ್ಲಿ ಕೂತುಬಿಟ್ಟರು. ನಾನು ಹೆದರುತ್ತಲೇ ಹೇಳಿದೆ, "ದೊಡ್ಡಮ್ಮ, ನಿಮಗೀಗ ಎರಡು ಕಡಿಮೆಯಾಯಿತು."

"ಇರಲಿ," ಎಂದು ಕಣ್ಣೊರೆಸಿಕೊಂಡರು. "ಆ ಎರಡನ್ನು ಮದುವೆಗೆ ಬಂದು ತಿನ್ತೇನೆ."

ಪಾಲಿನಲ್ಲಿ ಮನಸ್ಸು ಕೆಟ್ಟ ಮನೆ ನಿಮಗೆ ಗೊತ್ತಿದ್ದರೆ, ದಯವಿಟ್ಟು ಅಲ್ಲಿ ಕೂತು ಇದನ್ನು ಹೇಳಿ.