ನನ್ನ ಬಾಯಿಗೆ ನೀರು ಬಿಟ್ಟ ಪ್ರಸಂಗ

ಪುಟ್ಟೇನಹಳ್ಳಿಯ ನಮ್ಮ ವಂಶದಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲ ಪ್ರಾಣಿ ನಾನು. ಹಗಲು ಹಸು ಮೇಯಿಸಿ, ಸಂಜೆ ಕಾಲೇಜಿಗೆ ಹೋಗಿ ಪಡೆದ ಡಿಗ್ರಿ. ಹಾಗಾಗಿ ಎಂಬತ್ತರ ದಶಕದ ಮೊದಲಲ್ಲಿ ನನ್ನ ಹೊಟ್ಟೆಯ ಹುಣ್ಣು ತೂತಾಗಿ, ಹಾಲಿನ ವ್ಯಾನಿನಲ್ಲಿ ಹೆಬ್ಬಾಳ ದಾಟಿಸಿ ಆಸ್ಪತ್ರೆಗೆ ಸೇರಿಸಿದಾಗ, ಅಳುತ್ತಿದ್ದ ಮನೆಯವರಿಗೆ ಧೈರ್ಯ ಹೇಳಿದವನೂ ನಾನೇ. ಯಲಹಂಕದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ನಾನು. ಜೀರ್ಣಾಂಗದ ಚಿತ್ರವನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಸ್ಟ್ರೆಚರಿನ ಮೇಲೆ ಮುಲುಗುತ್ತಲೇ ಹೆಂಡತಿ ಸರೋಜಳಿಗೆ ಜಠರರಸದ ಪಾಠ ಶುರು ಮಾಡಿದೆ. ಪಾಠ ಮುಗಿಯುವುದರೊಳಗೆ ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿತು.

ಕಣ್ಣು ಬಿಟ್ಟಾಗ ಐ.ಸಿ.ಯು.ನಲ್ಲಿದ್ದೆ. ಹಾಗೆಂದು ಈಗ ಬರೆಯುತ್ತಿದ್ದೇನೆ. ಆಗ ನನ್ನ ಪಾಲಿಗೆ ಅದು ಸಾಯುವವರನ್ನು ಮಲಗಿಸುವ ಜಾಗ. ಹಗಲೋ ರಾತ್ರಿಯೋ ತಿಳಿಯದ ಟ್ಯೂಬ್‌ಲೈಟು. ಮೂಗಿನೊಳಗೆ ನಳಿಕೆ. ತಲೆಯ ಹಿಂದೆ ಬುಸುಗುಡುವ ಸದ್ದು. ಆಕ್ಸಿಜನ್ ತಯಾರಿಸುವುದನ್ನು ವರ್ಷ ವರ್ಷವೂ ಮಕ್ಕಳಿಗೆ ತೋರಿಸುವ ನನಗೆ ಆ ಆಕ್ಸಿಜನ್ ಹಾವಿನಂತೆ ಕೇಳಿಸಿತು. ಗ್ಲೂಕೋಸ್ ಬಾಟಲಿಯ ಕಂಬದ ಬುಡದಲ್ಲಿ ನಮ್ಮ ತಾತ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ. ತಾತ ಸತ್ತದ್ದು ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ. ನನ್ನನ್ನೇ ನೋಡುತ್ತಾ ಕಾಯುತ್ತಿದ್ದ.

ಅಷ್ಟರಲ್ಲಿ ಸರೋಜ ಬಂದಳು. ನಾನು ನೀರು ಕುಡಿಯುವಂತಿರಲಿಲ್ಲ; ಒಣಗಿದ ತುಟಿಗೆ ಒದ್ದೆ ಹತ್ತಿ ಒತ್ತಿ ಎಂದು ನರ್ಸಮ್ಮ ಹೇಳಿಕೊಟ್ಟಿದ್ದರಂತೆ. ಒಮ್ಮೆಗೆ ಒಬ್ಬರೇ ಒಳಗೆ ಬರಬೇಕೆಂಬುದು ಅಲ್ಲಿಯ ಕಾನೂನು. ಸರೋಜ ಒಂದು ತೊಟ್ಟು ಬಿಟ್ಟು, ಕಣ್ಣೊರೆಸಿಕೊಂಡು ಹೊರಗೆ ಹೋದಳು. ಅವಳ ಹಿಂದೆ ನನ್ನ ತಮ್ಮ ಬಂದ. ಅವನೂ ಒಂದು ತೊಟ್ಟು ಬಿಟ್ಟ.

ನಮ್ಮೂರಿನಲ್ಲಿ ಹುಟ್ಟಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಪ್ರಾಣ ಹೋಗುವವರ ಬಾಯಿಗೆ ಮನೆಯವರೆಲ್ಲ ಒಬ್ಬೊಬ್ಬರಾಗಿ ನೀರು ಬಿಡುತ್ತಾರೆ. ಎಲ್ಲರದೂ ಮುಗಿದ ಮೇಲೆ ಜೀವ ಹೊರಡುತ್ತದೆ. ತಾತನ ಬಾಯಿಗೆ ನಾನೂ ಬಿಟ್ಟಿದ್ದೆ. ಈಗ ಉಳಿದವಳು ಅವ್ವ ಒಬ್ಬಳೇ. ಅವಳ ತೊಟ್ಟು ಬಿದ್ದರೆ ನನ್ನ ಕತೆ ಮುಗಿಯಿತು.

ಕೂಡಲೇ ನನ್ನ ವೈಜ್ಞಾನಿಕ ಬುದ್ಧಿ ಒಂದು ಸಿದ್ಧಾಂತವನ್ನು ಮಂಡಿಸಿತು: ಬಾಯಿ ತೆರೆಯದವನಿಗೆ ಸಾವಿಲ್ಲ. ಹಲ್ಲು ಕಚ್ಚಿ ಬಾಯಿ ಮುಚ್ಚಿದೆ!

ಅವ್ವ ಹತ್ತಿ ಹಿಡಿದು ಬಂದಳು. "ಬಾಯಿ ಬುಡು ಮಗ, ಒಂದೇ ಒಂದ್ ತೊಟ್ಟು" ಅಂದಳು. ಹೆತ್ತ ತಾಯಿಯೇ ಹೀಗೆ! ಮುಖ ತಿರುಗಿಸಿದೆ. ನರ್ಸಮ್ಮ ಥರ್ಮಾಮೀಟರ್ ತಂದರು. ಬಾಯಿ ತೆರೆಸುವ ಹೂಟವೆಂದು ಅದನ್ನು ಕಸಿದು ತಾತನ ಮೇಲೆ ಎಸೆದೆ. ತಾತನಿಗೆ ತಾಗಲಿಲ್ಲ. ಥರ್ಮಾಮೀಟರ್ ಒಡೆಯಿತು. ಮೂಗಿನ ನಳಿಕೆ ಎಳೆದೆ, ಕೈಯ ಸೂಜಿ ಕಿತ್ತೆ. ಹಿಂಭಾಗವೇ ಇಲ್ಲದ ಆಸ್ಪತ್ರೆಯ ಅಂಗಿಯಲ್ಲಿ ಯಲಹಂಕಕ್ಕೆ ನಡೆದೇ ಹೋಗುವುದೆಂದು ಕಾಲು ಕೆಳಗಿಳಿಸಿದೆ. ನಾಲ್ಕು ಜನ ಓಡಿಬಂದು ಹಿಡಿದರು. ನಾಲ್ಕೇ ಜನ! ಹೆಗಲು ಕೊಡುವುದಕ್ಕೆ ಸರಿಯಾಗಿ. ಅವರು ನನ್ನ ಕೈಕಾಲನ್ನು ಬ್ಯಾಂಡೇಜಿನಿಂದ ಮಂಚಕ್ಕೆ ಬಿಗಿದಾಗ, ಚಟ್ಟಕ್ಕೆ ಕಟ್ಟುತ್ತಿದ್ದಾರೆಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಹೊಲಿಗೆ ಬಿಚ್ಚಿತೇನೋ ಎಂದು ಡಾಕ್ಟರು ಗಾಬರಿಯಿಂದ ಬಗ್ಗಿದರು. ಅವರ ಬೆರಳು ನನ್ನ ಮುಖದ ಹತ್ತಿರ ಬಂತು.

ಕಚ್ಚಿದೆ.

ಕಚ್ಚಬೇಕಾದರೆ ಬಾಯಿ ತೆರೆಯಬೇಕಲ್ಲ? ಆ ಒಂದು ಕ್ಷಣಕ್ಕೇ ಕಾದಿದ್ದ ಅವ್ವ ಹತ್ತಿ ಹಿಂಡಿದಳು. ತೊಟ್ಟು ಒಳಗೆ ಬಿತ್ತು.

ನಾನು ಸತ್ತೆ.

ಸತ್ತ ಮೇಲೆ ಬಹಳ ಶಿಸ್ತಿನಿಂದ ಮಲಗಿದೆ. ಹೆಸರು ಕೇಳಿದರೂ ಹೇಳಲಿಲ್ಲ. ಸತ್ತವನು ಮಾತಾಡುವುದು ಮರ್ಯಾದೆಯಲ್ಲ. ಅವ್ವ ಬಿಕ್ಕುವುದು ಕೇಳಿಸುತ್ತಿತ್ತು, ಸಮಾಧಾನ ಮಾಡುವ ಅಧಿಕಾರ ನನಗಿರಲಿಲ್ಲ. ಆ ಹೆದರಿಕೆಯನ್ನು ನೆನೆದರೆ ಇವತ್ತಿಗೂ ರಾತ್ರಿ ಎದ್ದು ದೀಪ ಹಾಕುತ್ತೇನೆ.

ಹೊರಗೆ ಸರೋಜಳ ಪಾಡು ನನ್ನದಕ್ಕಿಂತ ಕಷ್ಟದ್ದು. ದೊಡ್ಡ ಆಪರೇಷನ್ ಆದ ಕೆಲವರಿಗೆ ಹೀಗೆ ಬುದ್ಧಿ ಕದಡುತ್ತದೆ, ಸಾಮಾನ್ಯವಾಗಿ ತಿಳಿಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ತಿಳಿಯಾಗದಿದ್ದರೆ ಎಂದು ಅವಳು ಕೇಳಿದ್ದಕ್ಕೆ, ಕಟ್ಟು ಹಾಕಿದ ಬೆರಳನ್ನು ನೋಡಿಕೊಂಡು, ಕಾಯೋಣ ಅಂದರಂತೆ. ಗಂಡ ಬದುಕಿದ, ಆದರೆ ಮನೆಗೆ ಬರುವವನು ಯಾರೋ ಎಂದು ಅವಳು ಬೆಂಚಿನ ಮೇಲೆ ಅನ್ನ ನೀರು ಬಿಟ್ಟು ಕೂತಿದ್ದಳು.

ಹೀಗೆ ಸತ್ತುಕೊಂಡಿರುವಾಗಲೇ ಒಂದು ಬೆಳಿಗ್ಗೆ ಕಣ್ಣು ತೆರೆದೆ. ಕಂಬದ ಬುಡದಲ್ಲಿ ತಾತ ಇರಲಿಲ್ಲ, ಬಕೆಟ್ಟಿತ್ತು. ಡಾಕ್ಟರು ಸರೋಜಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಬೆರಳನ್ನು ಜೇಬಿನಲ್ಲಿಟ್ಟುಕೊಂಡೇ, "ಮೇಷ್ಟ್ರೇ, ಈಗ ಎಲ್ಲಿದೀರಿ ಹೇಳಿ?" ಎಂದರು.

"ಪ್ರಶ್ನೆ ಸ್ಪಷ್ಟವಾಗಿಲ್ಲ ಡಾಕ್ಟ್ರೇ" ಅಂದೆ. "ಊರು ಕೇಳ್ತಿದೀರೋ, ಆಸ್ಪತ್ರೆ ಕೇಳ್ತಿದೀರೋ, ವಾರ್ಡ್ ಕೇಳ್ತಿದೀರೋ? ಹಿಂಗೆ ಪ್ರಶ್ನೆ ಕೊಟ್ರೆ ಮಕ್ಕಳು ಏನ್ ಬರೀಬೇಕು?"

ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದು, ಇನ್ನೂ ಗೊಂದಲವಿದೆ ಎಂದು ಪಿಸುಗುಟ್ಟಿದರು. ಸರೋಜ ಮಂಚದ ಸರಳು ಹಿಡಿದುಕೊಂಡು ಅತ್ತಳು, ಅಳುತ್ತಲೇ ನಕ್ಕಳು.

"ಇಲ್ಲ ಡಾಕ್ಟ್ರೇ, ಪೂರ್ತಿ ಸರಿಹೋಗಿದಾರೆ. ಮನೇಲಿ ಇವ್ರು ಇರೋದೇ ಹಿಂಗೆ."

ಡಾಕ್ಟರು ನಂಬಲಿಲ್ಲ. ಯಾವುದಕ್ಕೂ ಇರಲಿ ಎಂದು ಇನ್ನೊಂದು ದಿನ ಕಟ್ಟಿಯೇ ಇರಿಸಿದರು!